ಒಂದೇ ನಿಕ್ಕಲ್, ನೆರೆಗೊಂದು ರೂಪ

ನಿಕ್ಕಲ್ ಲವಣವನ್ನು ನೀರಿನಲ್ಲಿ ಕರಗಿಸಿದರೆ ಹಸಿರು. ಅದಕ್ಕೆ ಅಮೋನಿಯಾ ಸುರಿದರೆ ನೀಲಿ. ಆಮೇಲೆ ನಾಲ್ಕು ಹನಿ ಡೈಮೀಥೈಲ್‌ಗ್ಲೈಆಕ್ಸಿಮ್ ಬಿಟ್ಟರೆ ಕುಂಕುಮ ಕಲಸಿದಂಥ ಕೆಂಪು ಗಷ್ಟು. ರಷ್ಯಾದ ಲೆವ್ ಚುಗಾಯೆವ್ 1905ರಲ್ಲಿ ಕಂಡುಕೊಂಡ ಈ ಪರೀಕ್ಷೆಯನ್ನು ಇಂದಿಗೂ ಕಾಲೇಜು ಲ್ಯಾಬುಗಳಲ್ಲಿ ಮಾಡುತ್ತಾರೆ. ಮೂರು ಬಣ್ಣದಲ್ಲೂ ಇರುವುದು ಅದೇ ನಿಕ್ಕಲ್ ಅಯಾನು. ಬದಲಾದದ್ದು ಅದರ ಸುತ್ತಲಿನ ನೆರೆಹೊರೆ ಮಾತ್ರ.

ಈ ನೆರೆಯವರನ್ನು ರಸಾಯನಶಾಸ್ತ್ರದಲ್ಲಿ ಲಿಗ್ಯಾಂಡ್ ಎನ್ನುತ್ತಾರೆ. ಸಾಮಾನ್ಯ ಬಂಧದಲ್ಲಿ ಎರಡೂ ಪರಮಾಣುಗಳು ಒಂದೊಂದು ಎಲೆಕ್ಟ್ರಾನ್ ಹಾಕುತ್ತವೆ. ಇಲ್ಲಿ ಹಾಗಲ್ಲ, ಎರಡನ್ನೂ ಲಿಗ್ಯಾಂಡೇ ತರುತ್ತದೆ. ಲೋಹ ಜಾಗ ಕೊಡುತ್ತದೆ. ಲೋಹವೂ ಲಿಗ್ಯಾಂಡ್‌ಗಳೂ ಸೇರಿದ ಕೂಟಕ್ಕೆ ಸಂಕೀರ್ಣ ಎಂದು ಹೆಸರು. ಜ್ಯೂರಿಕ್‌ನ ಆಲ್ಫ್ರೆಡ್ ವರ್ನರ್ ಇಂಥ ಸಂಕೀರ್ಣಗಳ ಆಕಾರವನ್ನು 1893ರಲ್ಲೇ ಊಹಿಸಿದ್ದ. ಕೋಬಾಲ್ಟ್ ಸುತ್ತ ಆರು ನೆರೆ, ಅವು ಅಷ್ಟಮುಖಿಯ ಆರು ತುದಿಗಳಲ್ಲಿ ಎಂದ. ಎಲೆಕ್ಟ್ರಾನ್ ಪತ್ತೆಯಾಗುವುದಕ್ಕೇ ಇನ್ನೂ ನಾಲ್ಕು ವರ್ಷ ಇತ್ತು! ಬಣ್ಣ, ಸಿಲ್ವರ್ ನೈಟ್ರೇಟ್ ಹಾಕಿದಾಗ ಸಿಗುವ ಬಿಳಿ ಗಷ್ಟಿನ ಪ್ರಮಾಣ, ಇಂಥ ಸುಳಿವುಗಳನ್ನೇ ಆಧಾರವಾಗಿಟ್ಟುಕೊಂಡು ಅಣುವಿನ ಆಕಾರ ಹೇಳಿದ ಆ ಧೈರ್ಯಕ್ಕೆ 1913ರಲ್ಲಿ ನೊಬೆಲ್ ಬಂತು.

ಆದರೆ ಲಿಗ್ಯಾಂಡ್‌ಗಳು ಆ ದಿಕ್ಕುಗಳಲ್ಲೇ ಏಕೆ ಕೂರುತ್ತವೆ? ಅಮೆರಿಕದ ಲೈನಸ್ ಪಾಲಿಂಗ್ 1931ರಲ್ಲಿ ಕೊಟ್ಟ ಉತ್ತರವೇ ಹೈಬ್ರಿಡೈಸೇಷನ್. ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರಬಹುದಾದ ತಾಣಗಳಿಗೆ ಆರ್ಬಿಟಲ್ ಎಂದು ಹೆಸರು. ಎಸ್ ಎಂಬುದು ಚೆಂಡಿನಂತೆ ದುಂಡಗೆ, ಪಿ ಡಂಬೆಲ್ಲಿನಂತೆ, ಡಿ ಬಹುಪಾಲು ನಾಲ್ಕು ಎಸಳಿನ ಹೂವಿನಂತೆ. ಇವು ಬಂಧಕ್ಕೆ ಹೊರಟಾಗ ಬೆರೆಯುತ್ತವೆ. ಒಂದು ಉಂಡೆ ಜೋಳದ ಹಿಟ್ಟು, ಒಂದು ಉಂಡೆ ಅಕ್ಕಿಹಿಟ್ಟು, ಎರಡು ಉಂಡೆ ರಾಗಿಹಿಟ್ಟು ಸೇರಿಸಿ ನಾದಿ ನಾಲ್ಕು ರೊಟ್ಟಿ ತಟ್ಟಿದ ಹಾಗೆ: ರೊಟ್ಟಿ ನಾಲ್ಕೇ, ಆದರೆ ಪ್ರತಿಯೊಂದರಲ್ಲೂ ಮೂರು ಹಿಟ್ಟಿನ ಪಾಲು. ಹಿಟ್ಟಿಗಿಲ್ಲದ ಒಂದು ಗುಣ ಆರ್ಬಿಟಲ್‌ಗಿದೆ, ಅದು ದಿಕ್ಕು. ಏನು ಬೆರೆಯಿತೋ ಅದರ ಮೇಲೆ ಹೊಸ ಆರ್ಬಿಟಲ್‌ಗಳ ಮುಖ ಎತ್ತ ಎಂಬುದು ನಿಶ್ಚಯವಾಗುತ್ತದೆ.

ನಿಕ್ಕಲ್ ಅಯಾನಿನಲ್ಲಿ ಐದು ಡಿ ಆರ್ಬಿಟಲ್, ಎಂಟು ಎಲೆಕ್ಟ್ರಾನ್. ಮೂರರಲ್ಲಿ ಜೋಡಿಗಳು, ಉಳಿದೆರಡರಲ್ಲಿ ಒಂಟಿಗಳು. ನಾಲ್ಕು ಕ್ಲೋರೈಡ್‌ಗಳು ಬಂದು ಸೇರಿದರೆ ಒಂಟಿಗಳಿಗೆ ತೊಂದರೆಯಿಲ್ಲ. ಹೊರಗಿನ ಒಂದು ಎಸ್, ಮೂರು ಪಿ ಬೆರೆತು ಸಂಕೀರ್ಣ ಚತುರ್ಮುಖಿಯಾಗುತ್ತದೆ. ಸಯನೈಡ್‌ಗಳು ಬಂದರೆ ಕಥೆ ಬೇರೆ. ಆ ಒಂಟಿಗಳೆರಡೂ ಜೋಡಿಯಾಗಿ ಒಂದೇ ಆರ್ಬಿಟಲ್‌ಗೆ ಸರಿಯುತ್ತವೆ. ಖಾಲಿಯಾದ ಡಿ, ಒಂದು ಎಸ್, ಎರಡು ಪಿ ಬೆರೆತು ಚಪ್ಪಟೆ ಚೌಕದ ನಾಲ್ಕು ಮೂಲೆಗಳತ್ತ ತಿರುಗುತ್ತವೆ.

ಇದನ್ನು ಒರೆಗೆ ಹಚ್ಚುವುದು ಅಯಸ್ಕಾಂತ. ಒಂಟಿ ಎಲೆಕ್ಟ್ರಾನ್ ಇದ್ದರೆ ಸೆಳೆತ, ಎಲ್ಲವೂ ಜೋಡಿಯಾಗಿದ್ದರೆ ತೀರಾ ಸಣ್ಣ ವಿಕರ್ಷಣೆ. ಶಾಂತಿಸ್ವರೂಪ್ ಭಟ್ನಾಗರ್ ಮತ್ತು ಮಾಥುರ್ 1928ರಲ್ಲಿ ರೂಪಿಸಿದ ಕಾಂತೀಯ ತಕ್ಕಡಿ ಇಂಥ ಸೂಕ್ಷ್ಮಗಳನ್ನು ಅಳೆಯುವುದಕ್ಕೇ ಹುಟ್ಟಿದ್ದು. ಕ್ಲೋರೈಡ್ ಸಂಕೀರ್ಣ ಅಯಸ್ಕಾಂತದತ್ತ ಎಳೆಯಲ್ಪಡುತ್ತದೆ, ಸಯನೈಡಿನದು ಇಲ್ಲ. ಪಾಲಿಂಗ್ ಲೆಕ್ಕ ತಾಳೆಯಾಯಿತು.

ಎಲ್ಲ ಕಡೆಯೂ ತಾಳೆಯಾಗಲಿಲ್ಲ. ತಾಮ್ರ ಮತ್ತು ಅಮೋನಿಯಾದ ಕಡುನೀಲಿ ಸಂಕೀರ್ಣಕ್ಕೆ ಇದೇ ಚೌಕದ ವಿವರಣೆ ಕೊಡಬೇಕಾದರೆ ಒಂದು ಎಲೆಕ್ಟ್ರಾನನ್ನು ಮೇಲಿನ ಪಿ ಆರ್ಬಿಟಲ್‌ಗೆ ಎತ್ತಿಡಬೇಕು. ಅಷ್ಟು ಮೇಲಿರುವ ಎಲೆಕ್ಟ್ರಾನ್ ಸುಲಭವಾಗಿ ಕಳಚಿಹೋಗಬೇಕಿತ್ತು, ಹೋಗುವುದಿಲ್ಲ. ಬಣ್ಣದ ಪ್ರಶ್ನೆಗಂತೂ ಹೈಬ್ರಿಡೈಸೇಷನ್‌ನಲ್ಲಿ ಉತ್ತರವೇ ಇಲ್ಲ. ಅದಕ್ಕೆ ಹಾನ್ಸ್ ಬೆಥೆ 1929ರಲ್ಲಿ ಮಂಡಿಸಿದ್ದ ಸ್ಫಟಿಕ ಕ್ಷೇತ್ರ ಸಿದ್ಧಾಂತ ಬೇಕಾಯಿತು. ಲಿಗ್ಯಾಂಡ್‌ಗಳು ಹತ್ತಿರ ಬಂದಾಗ ಐದು ಡಿ ಆರ್ಬಿಟಲ್‌ಗಳು ಒಂದೇ ಮಟ್ಟದಲ್ಲಿ ಉಳಿಯದೆ ಮೇಲು ಕೆಳಗಾಗುತ್ತವೆ. ಆ ಅಂತರವನ್ನು ಹಾರಲು ಎಲೆಕ್ಟ್ರಾನ್ ಬೆಳಕಿನ ಒಂದು ಪಾಲನ್ನು ನುಂಗುತ್ತದೆ, ಉಳಿದ ಬೆಳಕು ನಮ್ಮ ಕಣ್ಣಿಗೆ ಬಣ್ಣ. ಒಂದೇ ಡಿ ಎಲೆಕ್ಟ್ರಾನ್ ಇರುವ ಟೈಟಾನಿಯಂ ಅಯಾನು ನೀರಿನಲ್ಲಿ ಹಸಿರು ಬೆಳಕನ್ನು ಹೀರಿ ನೇರಳೆಯಾಗಿ ಕಾಣುವುದು ಹೀಗೆ. ಆದ್ದರಿಂದ ಹೈಬ್ರಿಡೈಸೇಷನ್ ಆಕಾರವನ್ನು ನೆನಪಿಡಲು ಒಳ್ಳೆಯ ಲೆಕ್ಕಪುಸ್ತಕ. ಪರಮಾಣುವಿನ ಒಳಗೆ ನಡೆಯುವುದರ ಪೂರ್ಣ ಚಿತ್ರ ಅಲ್ಲ. ತರಗತಿಯಲ್ಲಿ ಇದನ್ನು ಮೊದಲ ದಿನವೇ ಹೇಳಬೇಕು.

ಆದರೂ ಆ ಒಂಟಿ ಎಲೆಕ್ಟ್ರಾನ್‌ಗಳ ಎಣಿಕೆ ದೂರ ಸಾಗಿತು. 1936ರಲ್ಲಿ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ರಕ್ತವನ್ನೇ ಅಯಸ್ಕಾಂತದ ಬಳಿ ಇಟ್ಟರು. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನಿನ ಪ್ರತಿ ಕಬ್ಬಿಣದಲ್ಲಿ ನಾಲ್ಕು ಒಂಟಿಗಳು ಸಿಕ್ಕವು, ಆಮ್ಲಜನಕ ಹೊತ್ತದ್ದರಲ್ಲಿ ಒಂದೂ ಇಲ್ಲ. ಮಿದುಳಿನ ಯಾವ ಭಾಗ ಕೆಲಸದಲ್ಲಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಇಂದು ನಡೆಯುತ್ತಿರುವುದು ಈ ಎರಡು ಬಗೆಯ ರಕ್ತದ ಕಾಂತೀಯ ವ್ಯತ್ಯಾಸದ ಮೇಲೆಯೇ.