ಟರ್ಬೊ ಗಾಡಿ ಎಂಜಿನ್ ಕೆಲಸ ಮಾಡಿಸಿದ್ರಾ? ಮೊದಲ ಸಾವಿರ ಕಿ.ಮೀ. ಹುಷಾರು

ಚಿಕ್ಕಮಗಳೂರು: ಎಂಜಿನ್ ಪೂರ್ತಿ ಬಿಚ್ಚಿಸಿ, ಬ್ಲಾಕ್ ಲೇತ್‌ಗೆ ಕೊಟ್ಟು, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿ, ಜೊತೆಗೊಂದು ಹೊಸ ಟರ್ಬೊ ಕೂರಿಸಿ ಗಾಡಿ ಮನೆಗೆ ತಂದಾಯ್ತು. ಎರಡು ತಿಂಗಳು ಕಳೆದಿಲ್ಲ, ಸೈಲೆನ್ಸರ್‌ನಿಂದ ಮತ್ತೆ ನೀಲಿ ಹೊಗೆ. ಮಾಲೀಕ ‘ಕೆಲಸ ಸರಿ ಮಾಡಿಲ್ಲ’ ಅಂತಾನೆ. ಮೆಕ್ಯಾನಿಕ್ ‘ಮನಸಿಗೆ ಬಂದಂಗೆ ಓಡಿಸಿದ್ದೀಯ’ ಅಂತಾನೆ. ಅರ್ಧ ಲಕ್ಷದ ಮೇಲೆ ಖರ್ಚಾದ ದುಡ್ಡಿಗೆ ಮಾತ್ರ ಉತ್ತರ ಕೊಡೋರು ಯಾರೂ ಇರಲ್ಲ.

ಬಹಳಷ್ಟು ಸಲ ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇರುತ್ತೆ. ಟರ್ಬೊ ಎಂಜಿನ್ ಮೊದಲ ಸಲ ಯಾಕೆ ಹೋಯ್ತು ಅಂತ ಹುಡುಕದೇ ಹೊಸ ಸಾಮಾನು ಹಾಕಿದರೆ ಎರಡನೇ ಸಲವೂ ಅದೇ ದಾರಿ ಹಿಡಿಯುತ್ತೆ. ಕಾರಣ ಹುಡುಕಿ ಚೆನ್ನಾಗಿ ಕಟ್ಟಿದ ಎಂಜಿನ್ ಕೂಡ ಮೊದಲ ಐದು ನಿಮಿಷದಲ್ಲಿ, ಅಥವಾ ಮೊದಲ ಕೆಲವು ನೂರು ಕಿಲೋಮೀಟರ್‌ನಲ್ಲಿ ಹಾಳಾಗಬಹುದು.

ಟರ್ಬೊ ಅಂದ್ರೆ ರ‍್ಯಾಲಿ ಗಾಡಿಗೆ ಮಾತ್ರ ಅನ್ನೋ ಕಾಲ ಹೋಗಿ ಎಷ್ಟೋ ವರ್ಷ ಆಯ್ತು. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಮ್ಮ ಕಾಫಿ ತೋಟದ ದಾರಿಗಳಲ್ಲಿ ನಡೆದಾಗ ಗೌರವ್ ಗಿಲ್ ಗೆದ್ದ ಸ್ಕೋಡಾ ಫ್ಯಾಬಿಯಾದಲ್ಲಿ 1.6 ಲೀಟರ್ ಟರ್ಬೊ ಎಂಜಿನ್ ಇತ್ತು. ಅದನ್ನು ನೋಡೋಕೆ ಜನ ಹತ್ತಿ ಬರುವ ಸ್ವಿಫ್ಟ್, ಡಿಸೈರ್ ಡೀಸೆಲ್‌ಗಳಲ್ಲೂ ಟರ್ಬೊ ಇದ್ದೇ ಇರುತ್ತೆ.

ಮಾರುತಿ 2007ರಲ್ಲಿ ಸ್ವಿಫ್ಟ್‌ಗೆ ಹಾಕಿದ 1.3 ಲೀಟರ್ ಡಿಡಿಐಎಸ್ ಎಂಜಿನ್ ಮೂಲದಲ್ಲಿ ಫಿಯಟ್‌ನ ಮಲ್ಟಿಜೆಟ್. 1248 ಸಿಸಿ, 75 ಪಿಎಸ್ ಪವರ್, 2000 ಆರ್‌ಪಿಎಂಗೇ 190 ಎನ್‌ಎಂ ಟಾರ್ಕ್. ಟಾಟಾ ಇಂಡಿಕಾ ವಿಸ್ಟಾ, ಫಿಯಟ್ ಪುಂಟೊ, ಲಿನಿಯಾ, ಮಾರುತಿ ರಿಟ್ಜ್, ಎರ್ಟಿಗಾಗಳಲ್ಲೂ ಇದೇ ಎಂಜಿನ್ ಬೇರೆ ಬೇರೆ ಹೆಸರಲ್ಲಿ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ನಿಲ್ಲಿಸಿತು. ಹಾಗಾಗಿ ಈಗ ಹುಡುಗರು ಆಸೆಪಟ್ಟು ಕೊಳ್ಳುವ ಸ್ವಿಫ್ಟ್ ಡೀಸೆಲ್ ಎಲ್ಲವೂ ಸೆಕೆಂಡ್ ಹ್ಯಾಂಡ್, ಎಷ್ಟೋ ಸಲ ಮೂರನೇ, ನಾಲ್ಕನೇ ಕೈ. ಮೀಟರ್ ಎಷ್ಟು ತೋರಿಸುತ್ತೋ ಅಷ್ಟೇ ಓಡಿದೆ ಅಂತ ನಂಬೋದೂ ಕಷ್ಟ. ಅಂಥ ಗಾಡಿ ತಗೊಂಡು ಅಲಾಯ್ ಹಾಕಿಸಿ, ರೀಮ್ಯಾಪ್ ಮಾಡಿಸಿ, ಚಾರ್ಮಾಡಿ ಹತ್ತಿಸಿದಾಗ ಎಂಜಿನ್ ಕೆಲಸ ಬರದೇ ಇದ್ರೆ ಆಶ್ಚರ್ಯ.

ಟರ್ಬೊ ಬದುಕೋದು ಆಯಿಲ್ ಮೇಲೆ

ಎಂಜಿನ್‌ನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತೆ. ಗಾಳಿ ಜಾಸ್ತಿ ಹೋದ್ರೆ ಡೀಸೆಲ್ ಜಾಸ್ತಿ ಉರಿಸಬಹುದು, ಸಣ್ಣ ಎಂಜಿನ್‌ನಲ್ಲೂ ಎಳೆತ ಬರುತ್ತೆ. ಮುಳ್ಳಯ್ಯನಗಿರಿ ಕಡೆ ಎತ್ತರಕ್ಕೆ ಹೋದಾಗ ಗಾಳಿ ತೆಳುವಾದರೂ ಟರ್ಬೊ ಗಾಡಿ ಅಷ್ಟಾಗಿ ಸೋಲದಿರುವುದಕ್ಕೆ ಇದೇ ಕಾರಣ.

ಈ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ತಿರುಗುತ್ತೆ. ಇದಕ್ಕೆ ಗ್ರೀಸ್ ಇಲ್ಲ. ಸಾಮಾನ್ಯವಾಗಿ ಬಾಲ್ ಬೇರಿಂಗ್ ಕೂಡ ಇರಲ್ಲ. ಎಂಜಿನ್ ಆಯಿಲ್‌ನ ತೆಳು ಪದರದ ಮೇಲೆ ಶಾಫ್ಟ್ ತೇಲುತ್ತಾ ಇರುತ್ತೆ. ಒಂದು ಕಡೆ ಕೆಂಪಗೆ ಕಾಯುವಷ್ಟು ಬಿಸಿ, ಇನ್ನೊಂದು ಕಡೆ ಹೊರಗಿನ ಗಾಳಿ, ನಡುವೆ ಆಯಿಲ್. ಆಯಿಲ್ ಕೆಲವು ಸೆಕೆಂಡ್ ಬರದೇ ಇದ್ರೂ, ಕರೀ ಕೆಸರಿನಂತಾಗಿ ಬಂದ್ರೂ ಬೇರಿಂಗ್ ಸವೆಯುತ್ತೆ. ಆಮೇಲೆ ಶಾಫ್ಟ್ ಅಲ್ಲಾಡಿ ಚಕ್ರದ ರೆಕ್ಕೆ ಒಳಗಿನ ಗೋಡೆಗೆ ತಾಗುತ್ತೆ. ಪೋಲೀಸ್ ಸೈರನ್ ಥರ ಶಬ್ದ ಬರೋದು ಆ ಹೊತ್ತಿಗೆ.

ಟರ್ಬೊ ಹೋಯ್ತು ಅಂದ್ರೆ ಮೊದಲು ಕೇಳಬೇಕಾದ ಪ್ರಶ್ನೆ ಹೊಸದು ಎಷ್ಟು ಅಂತ ಅಲ್ಲ, ಆಯಿಲ್ ಎಲ್ಲಿ ನಿಂತಿತ್ತು ಅಂತ. ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪ್ ಒಳಗೆ ಕಾರ್ಬನ್ ಕಟ್ಟಿರಬಹುದು. ಹೊಸ ಟರ್ಬೊ ಹಾಕುವಾಗ ಆ ಪೈಪ್ ಕೂಡ ಹೊಸದೇ ಹಾಕಿಸೋದು ಒಳ್ಳೇದು. ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ಪೈಪ್ ಕಟ್ಟಿದ್ದರೂ ಆಯಿಲ್ ಸೀಲ್ ದಾಟಿ ಸೋರುತ್ತೆ. ಆಗ ಟರ್ಬೊ ಸರಿ ಇದ್ರೂ ‘ಟರ್ಬೊ ಹೋಗಿದೆ’ ಅಂತ ಬಿಲ್ ಆಗುತ್ತೆ.

ಇನ್ನೊಂದು ನಮ್ಮ ಕಡೆ ಜಾಸ್ತಿ ಕಾಣೋದು: ಸಂಪ್ ಕೂರಿಸುವಾಗ ಸಿಲಿಕಾನ್ ಪೇಸ್ಟ್ ಬೆರಳು ದಪ್ಪ ಬಳಿಯೋದು. ಹೊರಗೆ ಹಿಂಡಿಕೊಂಡು ಬಂದದ್ದು ಕಣ್ಣಿಗೆ ಕಾಣುತ್ತೆ, ಒರೆಸ್ತಾರೆ. ಅಷ್ಟೇ ಪೇಸ್ಟ್ ಒಳಗೂ ಹಿಂಡಿರುತ್ತೆ. ಅದು ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಎಂಜಿನ್‌ಗೂ ಟರ್ಬೊಗೂ ಒಟ್ಟಿಗೆ ಉಸಿರು ಕಟ್ಟುತ್ತೆ.

ಇಂಟರ್‌ಕೂಲರ್ ಮಾತ್ರ ಮರೀಬೇಡಿ. ಹಳೇ ಟರ್ಬೊ ಒಡೆದಿದ್ದರೆ ಅದರ ಅಲ್ಯೂಮಿನಿಯಂ ಚೂರು, ಸೋರಿದ ಆಯಿಲ್ ಎರಡೂ ಮುಂದಿರುವ ಇಂಟರ್‌ಕೂಲರ್‌ನಲ್ಲಿ ಕೂತಿರುತ್ತೆ. ತೊಳೆಯದೇ ಹಾಗೇ ಬಿಟ್ಟರೆ ಮೊದಲ ಸಲ ಜೋರಾಗಿ ಒತ್ತಿದಾಗ ಅವು ನೇರ ಹೊಸ ಪಿಸ್ಟನ್ ಮೇಲೆ. ಡೀಸೆಲ್ ಎಂಜಿನ್‌ನಲ್ಲಿ ಅಪಾಯ ಇನ್ನೂ ದೊಡ್ಡದು, ಯಾಕಂದ್ರೆ ಆಯಿಲ್ ಕೂಡ ಅದಕ್ಕೆ ಇಂಧನವೇ. ಸೋರಿದ ಆಯಿಲ್ ಕುಡಿದು ಎಂಜಿನ್ ತಾನಾಗೇ ರೇಸ್ ಆಗೋಕೆ ಶುರು ಮಾಡಿದ್ರೆ ಕೀ ಆಫ್ ಮಾಡಿದ್ರೂ ನಿಲ್ಲಲ್ಲ. ಆಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸಬೇಕು. ಅದೂ ಆಗದಿದ್ದರೆ ಗಾಡಿ ಬಿಟ್ಟು ದೂರ ಹೋಗೋದೇ ಸರಿ, ಬಾನೆಟ್ ಎತ್ತಿ ಕೈ ಹಾಕೋಕೆ ಹೋಗಬೇಡಿ.

ಲೇತ್‌ನಲ್ಲಿ ಏನು ಕೇಳಬೇಕು

ಸಿಲಿಂಡರ್ ಸವೆದಿದೆಯಾ ಅಂತ ಬೆರಳಲ್ಲಿ ಸವರಿ ಹೇಳೋರಿದ್ದಾರೆ. ಅನುಭವ ಇರುತ್ತೆ, ಸುಳ್ಳಲ್ಲ. ಆದ್ರೂ ಬೋರ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ ಅಳೆದು ಚೀಟಿಯಲ್ಲಿ ಬರೆದು ಕೊಡಿ ಅಂತ ಕೇಳಿ. ಈ ಮಲ್ಟಿಜೆಟ್‌ನ ಬೋರ್ 69.6 ಮಿ.ಮೀ. ಎಷ್ಟು ಸವೆದಿದೆ, ಎಷ್ಟು ಕೋಳಿಮೊಟ್ಟೆ ಆಕಾರಕ್ಕೆ ಬಂದಿದೆ ಅನ್ನೋದರ ಮೇಲೆ ಬರೀ ಹೋನಿಂಗ್ ಸಾಕಾ, ಬೋರ್ ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಬೇಕಾ ಅಂತ ತೀರ್ಮಾನ ಆಗುತ್ತೆ.

ಹೋನಿಂಗ್ ಅಂದ್ರೆ ಸಿಲಿಂಡರ್ ಒಳಗೋಡೆಗೆ ಸಣ್ಣ ಅಡ್ಡಗೆರೆ ಎಳೆಯೋದು. ಕನ್ನಡಿ ಥರ ಹೊಳೆದ್ರೆ ಚೆನ್ನಾಗಿದೆ ಅಂತ ತಿಳಿಯೋದು ತಪ್ಪು. ಆ ಗೆರೆಗಳಲ್ಲಿ ಆಯಿಲ್ ನಿಲ್ಲುತ್ತೆ, ಅದರ ತುದಿಗಳ ಮೇಲೆ ಉಜ್ಜಿ ಉಜ್ಜಿ ಹೊಸ ರಿಂಗ್ ತನ್ನ ಜಾಗ ಮಾಡಿಕೊಳ್ಳುತ್ತೆ. ಹೋನಿಂಗ್ ಆದ ಮೇಲೆ ಬ್ಲಾಕನ್ನು ಸೋಪು, ಬಿಸಿ ನೀರು, ಬ್ರಷ್ ಹಾಕಿ ತೊಳೀಬೇಕು, ತಕ್ಷಣ ಒರೆಸಿ ಆಯಿಲ್ ಸವರಬೇಕು. ಬರೀ ಡೀಸೆಲ್‌ನಲ್ಲಿ ಒರೆಸಿದ್ರೆ ಕಲ್ಲಿನ ಪುಡಿ ಗೆರೆಯೊಳಗೇ ಉಳಿದು ಹೊಸ ರಿಂಗನ್ನು ತಿನ್ನುತ್ತೆ.

ರಿಂಗ್ ಬಾಯಿಯ ಗ್ಯಾಪ್ ಪ್ರತಿ ಸಿಲಿಂಡರ್‌ನಲ್ಲೂ ಹಾಕಿ ಅಳೀಬೇಕು. ಟರ್ಬೊ ಎಂಜಿನ್‌ನಲ್ಲಿ ಬಿಸಿ ಜಾಸ್ತಿ, ರಿಂಗ್ ಹಿಗ್ಗೋದೂ ಜಾಸ್ತಿ. ಗ್ಯಾಪ್ ಕಮ್ಮಿ ಇದ್ದರೆ ಎರಡು ತುದಿ ಒಂದಕ್ಕೊಂದು ತಾಗಿ ರಿಂಗ್ ಸಿಕ್ಕಿಹಾಕಿಕೊಳ್ಳುತ್ತೆ, ಪಿಸ್ಟನ್ ಅಂಚೇ ಮುರಿಯಬಹುದು. ಪವರ್ ಜಾಸ್ತಿ ಮಾಡಿಸೋ ಯೋಚನೆ ಇದ್ರೆ ಕಟ್ಟುವ ಮೊದಲೇ ಹೇಳಿ, ಕಟ್ಟಿದ ಮೇಲಲ್ಲ. ಹೆಡ್ ಬೋಲ್ಟ್ ಹಳೇದನ್ನೇ ಹಾಕಿ ಇನ್ನೂರು, ಮುನ್ನೂರು ರೂಪಾಯಿ ಉಳಿಸೋದಕ್ಕೆ ಹೋಗಬೇಡಿ. ಒಂದು ಸಲ ಎಳೆದ ಮೇಲೆ ಅವು ಹಿಗ್ಗಿರುತ್ತವೆ.

ಮೊದಲ ಸ್ಟಾರ್ಟ್

ಗಾಡಿ ರೆಡಿ ಅಂದ ತಕ್ಷಣ ಕೀ ತಿರುಗಿಸಿ ‘ವ್ರೂಂ’ ಅನ್ನಿಸಿ ವಿಡಿಯೊ ಹಾಕೋದು ಈಗಿನ ರೂಢಿ. ಟರ್ಬೊಗೆ ಅದೇ ಯಮ. ಹೊಸ ಟರ್ಬೊ ಒಳಗೆ ಒಂದು ಹನಿ ಆಯಿಲ್ ಇರಲ್ಲ. ಹಾಗಾಗಿ ಮೇಲಿನ ಆಯಿಲ್ ತೂತಿಗೆ ಸಿರಿಂಜ್‌ನಲ್ಲಿ ಆಯಿಲ್ ಬಿಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ, ಆಮೇಲೆ ಪೈಪ್ ಕೂರಿಸಬೇಕು. ನಂತರ ಡೀಸೆಲ್ ಹೋಗದಂತೆ ಇಂಜೆಕ್ಟರ್ ಕನೆಕ್ಟರ್ ತೆಗೆದಿಟ್ಟು, ನಡುನಡುವೆ ಬಿಡುವು ಕೊಟ್ಟು ಸ್ಟಾರ್ಟರ್‌ನಿಂದ ತಿರುಗಿಸಿ, ಆಯಿಲ್ ಲೈಟ್ ಆರಿದ ಮೇಲೆ ಮಾತ್ರ ನಿಜವಾದ ಸ್ಟಾರ್ಟ್. ಇದೆಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಸ್ಟಾರ್ಟ್ ಆದ ಮೇಲೂ ಆಕ್ಸಿಲೇಟರ್ ಮುಟ್ಟಬಾರದು. ಸೋರಿಕೆ, ಟೆಂಪರೇಚರ್, ಕೂಲೆಂಟ್ ನೋಡಿಕೊಂಡು ರೋಡಿಗೆ ಇಳಿಸೋದು.

40ರ ಸ್ಪೀಡ್ ಕಥೆ

‘ಸಾವಿರ ಕಿಲೋಮೀಟರ್ 40 ದಾಟಿಸಬೇಡಿ’ ಅನ್ನೋ ಮಾತು ಅಂಬಾಸಿಡರ್ ಕಾಲದಿಂದ ಬಂದದ್ದು, ಇನ್ನೂ ಹೋಗಿಲ್ಲ. ಗಾಡಿ ತಂದು ಮನೆ ಮುಂದೆ ಎರಡು ಗಂಟೆ ಸುಮ್ಮನೆ ಆನ್ ಮಾಡಿಟ್ಟು ‘ಸೆಟ್ ಆಗಲಿ’ ಅನ್ನೋರೂ ಇದ್ದಾರೆ. ಇವೆರಡರಿಂದಲೂ ತೊಂದರೆಯೇ.

ರಿಂಗ್ ತನ್ನ ಸ್ಪ್ರಿಂಗ್ ಬಲದಿಂದ ಸಿಲಿಂಡರ್ ಗೋಡೆಗೆ ಒತ್ತೋದು ಕಮ್ಮಿ. ಇಂಧನ ಉರಿದಾಗ ಬರುವ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತೆ. ಲೋಡ್ ಇಲ್ಲದೆ ಓಡಿಸಿದ್ರೆ ಆ ಒತ್ತಡ ಸಾಲಲ್ಲ. ರಿಂಗ್ ಕೂರೋ ಮೊದಲೇ ಹೋನಿಂಗ್ ಗೆರೆಗಳ ಮೇಲೆ ಆಯಿಲ್ ಸುಟ್ಟು ಗಾಜಿನಂಥ ಪದರ ಕಟ್ಟುತ್ತೆ. ಒಮ್ಮೆ ಅದು ಕಟ್ಟಿದರೆ ರಿಂಗ್ ಮತ್ತೆ ಕೂರಲ್ಲ, ಎಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸೋದೇ ಗತಿ. ಎರಡು ತಿಂಗಳಿಗೆ ಬರುವ ನೀಲಿ ಹೊಗೆಯಲ್ಲಿ ಇದರ ಪಾಲು ದೊಡ್ಡದು. ಪಾಪ, ಆ ಮಾಲೀಕ ಗಾಡಿಯನ್ನು ಮಗು ಥರ ನೋಡಿಕೊಂಡಿರ್ತಾನೆ.

ಹಾಗಂತ ಮೊದಲ ದಿನವೇ ಪೂರ್ತಿ ಒತ್ತೋದೂ ಅಲ್ಲ. ಎಂಜಿನ್ ಚೆನ್ನಾಗಿ ಬಿಸಿ ಆದ ಮೇಲೆ ಮಧ್ಯಮವಾಗಿ ಎಳೆಸೋದು, ಗೇರಲ್ಲೇ ಇಟ್ಟು ಕಾಲು ತೆಗೆದು ಇಳಿಸೋದು, ಮತ್ತೆ ಎಳೆಸೋದು. 3000 ಆರ್‌ಪಿಎಂ ಒಳಗೆ, ಒಂದೇ ಸ್ಪೀಡಲ್ಲಿ ಬಹಳ ಹೊತ್ತು ನಿಲ್ಲದಂತೆ. ಇದಕ್ಕೆ ಕಡೂರು ರೋಡ್ ಒಳ್ಳೇದು: ಇಲ್ಲಿಂದ ಸುಮಾರು 40 ಕಿ.ಮೀ., ಹೋಗುವಾಗ ಬಯಲುಸೀಮೆಗೆ ಇಳಿಜಾರು, ಬರುವಾಗ ನಿಧಾನ ಏರು. ಚಾರ್ಮಾಡಿ, ಮುಳ್ಳಯ್ಯನಗಿರಿ ಕಡೆ ಮೊದಲ ಐನೂರು ಕಿಲೋಮೀಟರ್ ತನಕ ಬೇಡ. ಐದು ಜನ ಹತ್ತಿಸಿಕೊಂಡು ಧರ್ಮಸ್ಥಳ ಟ್ರಿಪ್ ಅಂತೂ ಬೇಡವೇ ಬೇಡ.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಕೆಟ್ಟ ಅಭ್ಯಾಸ, ಮೈಲೇಜ್ ಆಸೆಗೆ ಟಾಪ್ ಗೇರಲ್ಲೇ 1200 ಆರ್‌ಪಿಎಂಗೆ ಇಳಿಸಿ ಅಲ್ಲಿಂದ ಪೂರ್ತಿ ಒತ್ತೋದು. ಎಂಜಿನ್ ಗುಡುಗುಟ್ಟುತ್ತೆ, ಎಲ್ಲ ಒತ್ತಡ ಹೊಸ ಬೇರಿಂಗ್ ಮೇಲೆ. ರನ್ನಿಂಗ್ ಇನ್ ಹೊತ್ತಲ್ಲಿ ಜಾಸ್ತಿ ಆರ್‌ಪಿಎಂಗಿಂತ ಇದೇ ಹೆಚ್ಚು ಕೆಡುಕು. ಗೇರ್ ಇಳಿಸೋಕೆ ನಾಚಿಕೆ ಯಾಕೆ?

ಆಯಿಲ್ ವಿಷಯದಲ್ಲಿ ಮೆಕ್ಯಾನಿಕ್‌ಗಳಲ್ಲೇ ಎರಡು ಪಕ್ಷ. ಮೊದಲು ಮಿನರಲ್ ಆಯಿಲ್ ಹಾಕಿ ಆಮೇಲೆ ಸಿಂಥೆಟಿಕ್ ಅನ್ನೋರು ಕೆಲವರು, ಕಂಪನಿ ಹೇಳಿದ ಗ್ರೇಡನ್ನೇ ಮೊದಲಿಂದ ಹಾಕಿ ಅನ್ನೋರು ಕೆಲವರು. ಎರಡೂ ಪಕ್ಷ ಒಪ್ಪೋ ಮಾತು ಬೇಗ ಬದಲಿಸಬೇಕು ಅನ್ನೋದು. ಮೊದಲ 50ರಿಂದ 100 ಕಿ.ಮೀ.ಗೆ ಒಮ್ಮೆ, 500ಕ್ಕೆ ಒಮ್ಮೆ, ಸಾವಿರಕ್ಕೆ ಮತ್ತೊಮ್ಮೆ, ಪ್ರತಿ ಸಲ ಫಿಲ್ಟರ್ ಸಮೇತ. ಮೊದಲ ಸಲ ತೆಗೆದ ಫಿಲ್ಟರನ್ನು ಕೊಯ್ದು ನೋಡಿ. ಸಣ್ಣ ಬೂದು ಪುಡಿ ಇರೋದು ಸಹಜ, ಹೊಳೆಯುವ ಚೂರು ಸಿಕ್ಕರೆ ಗಾಡಿ ಅಲ್ಲೇ ನಿಲ್ಲಿಸಿ. ಡಿಪ್‌ಸ್ಟಿಕ್ ದಿನಾ ಬೆಳಿಗ್ಗೆ ನೋಡಿ ಬರೆದಿಡಿ. ಮೊದಮೊದಲು ಸ್ವಲ್ಪ ಕುಡಿಯುತ್ತೆ. ಬರಬರುತ್ತಾ ಕಮ್ಮಿ ಆದ್ರೆ ರಿಂಗ್ ಕೂತಿದೆ ಅಂತ ಅರ್ಥ.

ರೀಮ್ಯಾಪ್ ಇದ್ದರೆ ರನ್ನಿಂಗ್ ಇನ್ ಮುಗಿಯೋ ತನಕ ಸ್ಟಾಕ್ ಫೈಲ್ ಹಾಕಿಸಿ. ಬೂಸ್ಟ್ ಏರಿಸಿದ ಗಾಡಿ ಕೈಲಿದ್ದರೆ ಕಾಲು ಸುಮ್ಮನಿರಲ್ಲ.

ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಥಟ್ ಅಂತ ಕೀ ಆಫ್ ಮಾಡೋದು ಹೊಸ ಟರ್ಬೊ ಇರಲಿ ಹಳೇದಿರಲಿ ಒಳ್ಳೇದಲ್ಲ. ಆಯಿಲ್ ಪಂಪ್ ನಿಂತ ಮೇಲೂ ಟರ್ಬೊ ಬಿಸಿ ಇರುತ್ತೆ, ಒಳಗೆ ನಿಂತ ಆಯಿಲ್ ಸೀದು ಕಾರ್ಬನ್ ಆಗುತ್ತೆ. ಒಂದೆರಡು ನಿಮಿಷ ಆನ್ ಇಡಿ. ದೋಸೆ ಎಲ್ಲೂ ಹೋಗಲ್ಲ.

ಬಿಲ್ ವಿಚಾರ. ಗಾಡಿ ಬಿಡುವಾಗ ಹಳೇ ಟರ್ಬೊ, ಪಿಸ್ಟನ್, ಬೇರಿಂಗ್ ಎಲ್ಲ ವಾಪಸ್ ಕೇಳಿ ತಗೊಳ್ಳಿ. ಪಾರ್ಟ್ ನಂಬರ್ ಇರುವ ಬಿಲ್, ಲೇತ್‌ನ ಅಳತೆ ಚೀಟಿ ಒಟ್ಟಿಗೆ ಇಟ್ಟುಕೊಳ್ಳಿ. ಗ್ಯಾರಂಟಿ ಎಷ್ಟು ದಿನ, ಟರ್ಬೊಗೆ ಇದೆಯಾ ಇಲ್ವಾ ಅನ್ನೋದು ಬಾಯಲ್ಲಿ ಬೇಡ, ಬಿಲ್ ಹಿಂದೆಯೇ ಬರೆಸಿ. ನಿಮ್ಮದೇ ಬ್ಲಾಕ್ ರಿಪೇರಿ ಮಾಡಿದ್ದರೆ ಎಂಜಿನ್ ನಂಬರ್ ಅದೇ ಇರುತ್ತೆ, ತೊಂದರೆ ಇಲ್ಲ. ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸಿದ್ದರೆ ಆರ್‌ಟಿಒದಲ್ಲಿ ಅರ್ಜಿ ಹಾಕಿ ಆರ್‌ಸಿಯಲ್ಲಿ ಹೊಸ ನಂಬರ್ ಸೇರಿಸಬೇಕು. ಆ ಎಂಜಿನ್ ಎಲ್ಲಿಂದ ಬಂತು ಅನ್ನೋದಕ್ಕೆ ರಸೀದಿ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತೆ, ಮುಂದೆ ಗಾಡಿ ಮಾರೋಕೆ ಹೋದಾಗಲೂ, ಇನ್ಶೂರೆನ್ಸ್ ಕ್ಲೈಮ್ ಹಾಕಿದಾಗಲೂ ಅದೇ ಪ್ರಶ್ನೆ ಬರುತ್ತೆ.