ಮುನಿಸಿಕೊಂಡ ಕಾವಲಿ

ಮೊದಲೇ ತಪ್ಪೊಪ್ಪಿಗೆ. ನಮ್ಮ ರೂಮಿನ ನಾಲ್ವರಲ್ಲಿ ಒಬ್ಬನ ಮನೆ ಭದ್ರಾವತಿ ಓಲ್ಡ್ ಟೌನ್. ಹೋದ ಸೆಮಿಸ್ಟರ್ ಶುರುವಿನಲ್ಲಿ ಅವನು ಅಜ್ಜಿಯ ಬೀಡಿನ ಕಾವಲಿಯನ್ನ ಬ್ಯಾಗಿನಲ್ಲಿ ಹೊತ್ತು ತಂದ. ಅಜ್ಜ ಫೌಂಡ್ರಿ ಕೆಲಸಕ್ಕೆ ಸೇರಿದ ವರ್ಷ ಮನೆಗೆ ಬಂದ ಕಾವಲಿಯಂತೆ ಅದು. ಅಜ್ಜ ಈಗ ಇಲ್ಲ. ಮೊದಲ ದಿನ ದೋಸೆ ಹೂವಿನ ಹಾಗೆ ಎದ್ದು ಬಂತು. ರಾತ್ರಿ ನಾವು, ಅತಿ ಬುದ್ಧಿವಂತರು, ಸ್ಟೀಲ್ ನಾರು, ಸೋಪಿನ ಪುಡಿ ಹಾಕಿ ಕರೀ ಬಣ್ಣವೆಲ್ಲ ಹೋಗುವ ತನಕ ಉಜ್ಜಿ, ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಕಾವಲಿ ಕೆಂಪು.

ನಾವು "ಕೊಳೆ" ಅಂದುಕೊಂಡು ತೆಗೆದಿದ್ದೇ ಅದರ ಜೀವ. ಎಣ್ಣೆಯನ್ನ ತೆಳ್ಳಗೆ ಸವರಿ ಕಾಯಿಸಿದಾಗ ಅದರ ಅಣುಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೆಮಿಸ್ಟ್ರಿ ಪೇಪರಿನಲ್ಲಿ ನಾವು ಬರೆದು ಮರೆತ ಪಾಲಿಮರೈಸೇಶನ್ ಇದೇ. ಹಾಗೆ ಪದರದ ಮೇಲೆ ಪದರ ಕೂತು ಕಬ್ಬಿಣದ ಉಬ್ಬುತಗ್ಗು ಮುಚ್ಚುತ್ತೆ, ನೀರು ತಾಗದಂತೆ ಕಾಯುತ್ತೆ, ದೋಸೆ ಹಿಡಿಯದಂತೆ ನೋಡಿಕೊಳ್ಳುತ್ತೆ. ಇದನ್ನೇ ನಮ್ಮ ಮನೆಗಳಲ್ಲಿ ಪಳಗಿಸೋದು ಅನ್ನುತ್ತಾರೆ. ಆನೆಗೂ ಕಾವಲಿಗೂ ಒಂದೇ ಕ್ರಿಯಾಪದ!

ಶನಿವಾರ ನಾಲ್ವರೂ ಕಾವಲಿ ಸಮೇತ ಓಲ್ಡ್ ಟೌನಿಗೆ ಹೋದೆವು. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರುವ ಹಳೇ ಊರೇ ಓಲ್ಡ್ ಟೌನ್. ನ್ಯೂ ಟೌನ್ ಬೆಳೆದದ್ದು ಕಾರ್ಖಾನೆಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರು ಕನಸು ಕಂಡ ಆ ಕಾರ್ಖಾನೆಯಲ್ಲಿ 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಅದಿರು ಕೆಮ್ಮಣ್ಣುಗುಂಡಿಯದು, ಉರಿಸಿದ್ದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಕಟ್ಟಿಗೆಯ ಇದ್ದಿಲನ್ನ. ಇಂಥ ಊರಿನ ಅಜ್ಜಿಯ ಮುಂದೆ ತುಕ್ಕು ಹಿಡಿದ ಕಾವಲಿ ಇಡುವಾಗ ನಮ್ಮ ಮುಖ ಹೇಗಿತ್ತು ಅಂತ ಕೇಳಬೇಡಿ.

ಅಜ್ಜಿ ಒಂದು ನಿಮಿಷ ಮಾತಾಡಲಿಲ್ಲ. ಕಾವಲಿಯನ್ನ ಒಂದು ಕೈಯಲ್ಲಿ ತೂಗಿ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿದರು. ಟಣ್ ಅಂತು. "ಸೀಳಿಲ್ಲ. ಸತ್ತಿಲ್ಲ ಬಿಡ್ರೋ, ಮುನಿಸಿಕೊಂಡಿದೆ ಅಷ್ಟೇ" ಅಂದರು.

ಕಾವಲಿ ಕೊಳ್ಳುವಾಗಲೂ ಮಾಡಬೇಕಾದ ಮೊದಲ ಪರೀಕ್ಷೆ ಇದೇ. ಬೀಡು ಅಂದರೆ ಎರಕದ ಕಬ್ಬಿಣ, ಅದರಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಇರುತ್ತೆ. ಹೆಚ್ಚಿನ ಇಂಗಾಲ ಗ್ರಾಫೈಟ್ ಚಕ್ಕೆಗಳಾಗಿ ಒಳಗೆ ಹರಡಿರುತ್ತೆ, ಹಾಗಾಗಿ ಬೀಡು ಬಗ್ಗಲ್ಲ, ಒಡೆಯುತ್ತೆ. ಕಣ್ಣಿಗೆ ಕಾಣದ ಸೀಳಿದ್ದರೆ ತಟ್ಟಿದಾಗ ಸದ್ದು ಬೊದ್ದಾಗಿ ಬರುತ್ತೆ. ಸಂತೆಯಲ್ಲಿ ಮಡಕೆ ತಟ್ಟಿ ನೋಡ್ತಾರಲ್ಲ, ಅದೇ ಲೆಕ್ಕ. ಕಾದ ಕಾವಲಿಗೆ ತಣ್ಣೀರು ಸುರಿಯಬಾರದು ಅನ್ನೋದೂ ಇದಕ್ಕೇ.

ಇನ್ನು ತೂಕ. ಕಬ್ಬಿಣ ಹೆಚ್ಚು ಶಾಖ ಹಿಡಿಯುತ್ತೆ ಅಂತ ನಮ್ಮ ರೂಮಿನಲ್ಲಿ ಒಬ್ಬ ವಾದ ಮಾಡಿದ್ದ. ಕೆ.ಜಿ.ಗೆ ಕೆ.ಜಿ. ಲೆಕ್ಕ ಹಾಕಿದರೆ ಉಲ್ಟಾ! ಒಂದು ಡಿಗ್ರಿ ಏರಿಸಲು ಅಲ್ಯೂಮಿನಿಯಂಗೆ ಸುಮಾರು 0.9 ಕಿಲೋಜೌಲ್ ಬೇಕು, ಕಬ್ಬಿಣಕ್ಕೆ 0.46 ಸಾಕು. ಆದರೆ ಬೀಡಿನ ಕಾವಲಿ 3 ಕೆ.ಜಿ. ತೂಗಿದರೆ ಅಲ್ಯೂಮಿನಿಯಂ ತವಾ ಮುಕ್ಕಾಲು ಕೆ.ಜಿ.ಯೂ ಇರಲ್ಲ. ಗೆಲ್ಲೋದು ಭಾರ. ತಣ್ಣನೆ ಹಿಟ್ಟು ಬಿದ್ದರೂ ಕಾವಲಿ ತಣ್ಣಗಾಗಲ್ಲ, ದೋಸೆ ಗರಿಗರಿ ಆಗುತ್ತೆ. ಆದರೆ ಬೀಡಿನಲ್ಲಿ ಶಾಖ ನಿಧಾನ ಹರಡುತ್ತೆ, ಅದಕ್ಕೇ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು. ಇಂಡಕ್ಷನ್ ಸ್ಟವ್ ಇಟ್ಟುಕೊಂಡವರು ತಳ ಸಪಾಟಾಗಿದೆಯಾ ನೋಡಿ ಕೊಳ್ಳಿ, ಒಮ್ಮೆಲೇ ಪೂರ್ತಿ ಪವರ್ ಕೊಡಬೇಡಿ. ಕೈಯಾಡಿಸಿದರೆ ಸಣ್ಣ ತರಿ ಸಿಕ್ಕರೆ ಪರವಾಗಿಲ್ಲ, ಗುಳಿಗಳಿದ್ದರೆ ಬೇಡ.

ಪಳಗಿಸುವ ಕೆಲಸಕ್ಕೆ ಅಜ್ಜಿ ನಮ್ಮನ್ನೇ ಕೂರಿಸಿದರು. ತುಕ್ಕನ್ನ ತೆಂಗಿನ ನಾರಿನಿಂದ ಉಜ್ಜಿ, ರಾತ್ರಿಯಿಡೀ ಅಕ್ಕಚ್ಚಿನಲ್ಲಿ ಇಡಿಸಿದರು. ಅಕ್ಕಿ ತೊಳೆದ ನೀರು ಹುಳಿ ಬಂದಾಗ ಅದರ ಸೌಮ್ಯ ಆಮ್ಲ ಉಳಿದ ತುಕ್ಕನ್ನ ಸಡಿಲ ಮಾಡುತ್ತೆ. ಬೆಳಿಗ್ಗೆ ತೊಳೆದು, ಒಲೆಯ ಮೇಲಿಟ್ಟು ಹನಿ ನೀರೂ ಇಲ್ಲದಂತೆ ಒಣಗಿಸಿ, ಬಟ್ಟೆಯಲ್ಲಿ ಎಣ್ಣೆ ಸವರಿದೆವು. ನಾವು ಧಾರಾಳವಾಗಿ ಹಚ್ಚಿದ್ದಕ್ಕೆ ಬೈಗುಳ ಬಿತ್ತು. "ಕಾವಲಿಗೆ ಅಭ್ಯಂಜನ ಮಾಡಿಸ್ತಿದೀರಾ? ಒರೆಸ್ರೋ!" ದಪ್ಪ ಹಚ್ಚಿದರೆ ಒಳಗಿನ ಎಣ್ಣೆ ಗಟ್ಟಿಯಾಗದೆ ಅಂಟು ಅಂಟಾಗಿ ಉಳಿಯುತ್ತೆ. ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿದ ಮೇಲೂ ಉಳಿಯೋದಿದೆಯಲ್ಲ, ಅಷ್ಟೇ ಸಾಕು. ಹೊಗೆ ಬಂದು ನಿಲ್ಲುವ ತನಕ ಕಾಯಿಸಿ ಆರಿಸಬೇಕು. ಹೀಗೆ ಐದು ಸಲ. ಕಿಟಕಿ ತೆಗೆದಿಡಿ, ಇಲ್ಲದಿದ್ದರೆ ವಾರ್ಡನ್ ಬರ್ತಾರೆ.

ಎಣ್ಣೆ ಯಾವುದು? ಸೂರ್ಯಕಾಂತಿ ಒಳ್ಳೆಯದು, ಅದರಲ್ಲಿ ಹೆಣೆದುಕೊಳ್ಳುವ ಗುಣದ ಅಪರ್ಯಾಪ್ತ ಕೊಬ್ಬು ಜಾಸ್ತಿ. ತೆಂಗಿನೆಣ್ಣೆಯ ಕೊಬ್ಬು ಶೇಕಡಾ 90ರಷ್ಟು ಪರ್ಯಾಪ್ತ, ಹಾಗಾಗಿ ಪದರ ಸರಿಯಾಗಿ ಕೂರಲ್ಲ. ಕೊನೆಗೆ ಅರ್ಧ ಈರುಳ್ಳಿ. ಅದು ಎಣ್ಣೆಯನ್ನ ತೆಳ್ಳಗೆ ಎಳೆಯುತ್ತೆ, ಚುಂಯ್ ಅನ್ನೋ ಸದ್ದಿನಿಂದ ಕಾವು ಎಷ್ಟಿದೆ ಅಂತಲೂ ಹೇಳುತ್ತೆ. ಸುಡದ ಬ್ರಷ್ಷು, ತರ್ಮಾಮೀಟರು ಎರಡೂ ಒಂದೇ.

ದೋಸೆ ಕಾವಲಿಯಲ್ಲಿ ಚಪಾತಿ ಮಾಡಬಾರದು ಅಂತ ಅಮ್ಮಂದಿರು ಹೇಳೋದು ಮೂಢನಂಬಿಕೆ ಅಲ್ಲ. ಎಣ್ಣೆಯಿಲ್ಲದ ಒಣ ಕಾವು ಪದರವನ್ನ ಸುಟ್ಟುಬಿಡುತ್ತೆ. ಹುಣಸೆಹುಳಿ, ಟೊಮೆಟೊ ಕೂಡ ಅದನ್ನ ತಿನ್ನುತ್ತವೆ. ಚೀನಾದ ಈಶಿಂಗ್ ಊರಿನ ಮೆರುಗಿಲ್ಲದ ಜೇಡಿಮಣ್ಣಿನ ಟೀ ಕುಡಿಕೆಗಳಿಗೂ ಇಂಥದ್ದೇ ಮಡಿ. ಒಂದು ಕುಡಿಕೆಯಲ್ಲಿ ಒಂದೇ ಬಗೆಯ ಚಹಾ, ಸೋಪು ಮುಟ್ಟಿಸುವಂತಿಲ್ಲ. ಅಲ್ಲಿ ಮಣ್ಣು ಚಹಾ ಕುಡಿಯುತ್ತೆ, ಇಲ್ಲಿ ಕಬ್ಬಿಣ ಎಣ್ಣೆ ಕುಡಿಯುತ್ತೆ ಅಂತ ನಮ್ಮಲ್ಲೊಬ್ಬ ಹೇಳಿದ. ಚೆನ್ನಾಗಿದೆ, ಆದರೆ ಕಬ್ಬಿಣದ್ದು ಸರಿಯಲ್ಲ. ಎಣ್ಣೆ ಒಳಗೆ ಇಳಿಯಲ್ಲ, ಮೇಲೆಯೇ ಗಟ್ಟಿಯಾಗುತ್ತೆ.

ಭಾನುವಾರ ಮಧ್ಯಾಹ್ನ ಮೊದಲ ಮೂರು ದೋಸೆ ಚೂರುಚೂರು. ನಾಲ್ಕನೆಯದು ಅಂಚು ಬಿಟ್ಟಿತು. ಆರನೆಯದನ್ನ ಅಜ್ಜಿ ತಾವೇ ಮಗುಚಿ, ಅಜ್ಜನ ಫೋಟೋ ಕೆಳಗಿನ ಸ್ಟೂಲಿನ ಮೇಲೆ ಇಟ್ಟು ಬಂದರು.

ಹೊರಡುವಾಗ ಕಾವಲಿ ಬ್ಯಾಗಿಗೆ ಬರಲಿಲ್ಲ. "ಇದು ಇಲ್ಲೇ ಇರಲಿ, ನೀವು ಹೊಸದು ತಗೊಂಡು ನೀವೇ ಪಳಗಿಸಿ" ಅಂದರು. ಸಂಜೆ ಅಂಗಡಿಯಲ್ಲಿ ಎಂಟು ಕಾವಲಿ ತಟ್ಟಿ ನೋಡಿ ಒಂದು ಕೊಂಡೆವು. ಹೊಸದಕ್ಕೆ ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆಯೋ ಮೇಣವೋ ಇರುತ್ತೆ, ಅದೊಂದು ಸಲ ಮಾತ್ರ ಸೋಪು, ಬಿಸಿನೀರು ಹಾಕಿ ತೊಳೆಯಬಹುದು. ಈಗ ಎರಡು ತಿಂಗಳಾಯ್ತು. ನೀರ್ ದೋಸೆ ಇನ್ನೂ ಹಿಡಿಯುತ್ತೆ, ಉದ್ದಿನ ದೋಸೆ ಏಳ್ತಿದೆ. ರೂಮಿಗೆ ಬರೋರು ಬನ್ನಿ, ಪಾತ್ರೆ ಮಾತ್ರ ನಾವೇ ತೊಳೀತೀವಿ.