ಟೇಬಲ್ ಮಾಡಿಸೋ ಮುಂಚೆ



ಲಿಂಗಸುಗೂರಿನ ಹತ್ತಿರ ಒಂದು ಹಳ್ಳಿ. ಅಲ್ಲಿನ ಹೊಲಿಗೆ ಸಂಘದ ಅಕ್ಕಂದಿರು ಬಟ್ಟೆ ಕತ್ತರಿಸಲು ಒಂದು ಟೇಬಲ್ ಮಾಡಿಸಿದ್ದರು. ಸಂಘದ ಉಳಿತಾಯದ ಹಣ ಅದು. ಅವರು ಹೇಳಿದ್ದು ಒಂದೇ ಮಾತು. "ಒಂದು ಗಟ್ಟಿ ಟೇಬಲ್ ಮಾಡಿಕೊಡ್ರಿ."

ಟೇಬಲ್ ಬಂತು. ಶಾಲೆಯ ಮಾಸ್ತರರ ಟೇಬಲ್ ಇದ್ದ ಹಾಗೇ ಇತ್ತು. ಎತ್ತರ 30 ಇಂಚು. ಕುರ್ಚಿ ಮೇಲೆ ಕೂತು ಬರೆಯೋರಿಗೆ ಅದು ಸರಿ. ನಿಂತು ಬಟ್ಟೆ ಕತ್ತರಿಸೋರು ಬಗ್ಗಲೇಬೇಕು. ಸಂಜೆಯಾದರೆ ಸೊಂಟ ಹಿಡಿಯುತ್ತಿತ್ತು. ಬೇಸಿಗೆ ಬಂತು. ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿತು.

"ಬಡಿಗೇರ ಮೋಸ ಮಾಡಿದ" ಎಂದರು ಕೆಲವರು. ನಮಗೆ ಹಾಗೆ ಅನ್ನಿಸಲಿಲ್ಲ. ಯಾವ ಕೆಲಸಕ್ಕೆ ಟೇಬಲ್ ಎಂದು ಇವರು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಹಿಂದೆ ಊರ ಬಡಿಗೇರರಿಗೆ ಹೇಳಬೇಕಾಗಿಯೇ ಇರಲಿಲ್ಲ. ವರ್ಷವಿಡೀ ರೈತರಿಗೆ ನೇಗಿಲು, ಕುಂಟೆ, ಕೂರಿಗೆ ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ಆಯ ಎಂದು ಕಾಳು ಒಯ್ಯುತ್ತಿದ್ದರು. ಯಾರ ಎತ್ತು ಎಷ್ಟು ಎತ್ತರ ಅನ್ನೋದೂ ಅವರಿಗೆ ಗೊತ್ತಿತ್ತು. ಬಟ್ಟೆ ಕತ್ತರಿಸೋ ಟೇಬಲ್ ಅವರಿಗೂ ಹೊಸದು, ನಮಗೂ ಹೊಸದು.

ಎರಡನೇ ಸಲ ಮಸ್ಕಿಯ ಒಬ್ಬ ಬಡಿಗೇರ ಅಣ್ಣನನ್ನು ಕಂಡೆವು. ಈ ಸಲ ಅಳತೆ ನಾವೇ ತೆಗೆದೆವು. ಹೊಲಿಗೆ ಟೇಪು ನಿಮ್ಮ ಕೈಯಲ್ಲೇ ಇರ್ತದಲ್ಲ, ಅದೇ ಸಾಕು. ನೆಟ್ಟಗೆ ನಿಂತು ಮೊಣಕೈ ಮಡಿಚಿರಿ. ನೆಲದಿಂದ ಮೊಣಕೈಗೆ ಎಷ್ಟು ಇಂಚು ಎಂದು ಇನ್ನೊಬ್ಬರು ಅಳೆಯಲಿ. ಅದರಲ್ಲಿ 3 ಅಥವಾ 4 ಇಂಚು ಕಳೆಯಿರಿ. ಅದೇ ನಿಮ್ಮ ಟೇಬಲ್ಲಿನ ಎತ್ತರ. ಸಂಘದಲ್ಲಿ ಒಬ್ಬರದು 37, ಒಬ್ಬರದು 40 ಬಂತು. ಹೆಚ್ಚಿನವರದು 38. ಹಾಗಾಗಿ 34 ಇಂಚು ಎಂದು ಗೊತ್ತು ಮಾಡಿದೆವು. ಉದ್ದ 6 ಅಡಿ, ಅಗಲ 3 ಅಡಿ. ಇದಕ್ಕಿಂತ ಅಗಲ ಮಾಡಿದರೆ ಆಚೆ ಕಡೆಗೆ ಕೈ ನಿಲುಕೋದಿಲ್ಲ.

"ನಿಮ್ಮ ಕೋಣೆ ಬಾಗಿಲು ಎಷ್ಟು ಅಗಲ ಐತ್ರಿ ಅಕ್ಕಾ?" ಎಂದು ಅಣ್ಣ ಕೇಳಿದರು. ನಾವು ಸುಮ್ಮನಾದೆವು. ಅದನ್ನು ಯಾರೂ ಅಳೆದಿರಲಿಲ್ಲ! ಆಮೇಲೆ ನೋಡಿದರೆ ಬಾಗಿಲು ಬಹಳ ಸಣ್ಣದು. ಬಿಡಿ ಭಾಗಗಳನ್ನು ಮಸ್ಕಿಯಲ್ಲಿ ಮಾಡಿ, ಕೋಣೆಯೊಳಗೇ ಜೋಡಿಸೋದು ಎಂದಾಯಿತು.

ಕಟ್ಟಿಗೆಗೆ ಸಿಂಧನೂರಿಗೆ ಹೋದೆವು. ಸಾಗವಾನಿ ಒಳ್ಳೆಯದು, ಆದರೆ ದುಬಾರಿ. ಜಾಲಿ ಬಲು ಗಟ್ಟಿ, ಭಾರವೂ ಹೆಚ್ಚು. ನಾವು ಬೇವು ಆರಿಸಿದೆವು. ಬೇವಿಗೆ ಹುಳ ಹತ್ತೋದು ಕಡಿಮೆ. ಆದರೂ ಅಂಚಿನ ಬಿಳಿ ಭಾಗ ಬೇಡ, ಒಳಗಿನ ಚೇಗು ಬೇಕು. ಮೇಲಿನ ಹಲಗೆಗೆ ಪ್ಲೈವುಡ್ ಸಾಕು. ಅದರಲ್ಲಿ ಸಂದು ಇರೋದಿಲ್ಲ, ಬಟ್ಟೆ ಸಿಕ್ಕಿಕೊಳ್ಳೋದಿಲ್ಲ. ನೀರು ಮಾತ್ರ ಬೀಳಬಾರದು.

ಅಂಗಡಿಯವರು "ಮೂರು ಘನ ಅಡಿ ಬೇಕಾಗ್ತದ" ಎಂದರು. ಒಬ್ಬ ಅಕ್ಕ ಪುಸ್ತಕ ತೆಗೆದು ಲೆಕ್ಕ ಹಾಕಿದರು. ಈ ಲೆಕ್ಕ ನೀವೂ ಮಾಡಿ ನೋಡಿ. ಉದ್ದ ಅಡಿಯಲ್ಲಿ ಬರೆಯಿರಿ. ಅಗಲ, ದಪ್ಪ ಇಂಚಿನಲ್ಲಿ ಬರೆಯಿರಿ. ಮೂರನ್ನೂ ಗುಣಿಸಿ. ಬಂದದ್ದನ್ನು 144ರಿಂದ ಭಾಗಿಸಿ.

ನಾಲ್ಕು ಕಾಲು, ಒಂದೊಂದು 3 ಅಡಿ. ಒಟ್ಟು ಉದ್ದ 12 ಅಡಿ. ಅಗಲ 3 ಇಂಚು, ದಪ್ಪ 3 ಇಂಚು. 12 × 3 × 3 = 108. ಅದನ್ನು 144ರಿಂದ ಭಾಗಿಸಿದರೆ ಮುಕ್ಕಾಲು ಘನ ಅಡಿ. ಮೇಲಿನ ಚೌಕಟ್ಟಿಗೆ 18 ಅಡಿ ಪಟ್ಟಿ ಬೇಕು. ಅಗಲ 4 ಇಂಚು, ದಪ್ಪ ಒಂದೂವರೆ ಇಂಚು. ಅದೂ ಮುಕ್ಕಾಲು. ಕಾಲುಗಳನ್ನು ಕೆಳಗೆ ಹಿಡಿಯೋ ಪಟ್ಟಿಗೆ ಕಾಲು ಘನ ಅಡಿ. ಎಲ್ಲ ಸೇರಿ ಒಂದೂ ಮುಕ್ಕಾಲು. ಕೊಯ್ದು ನಯ ಮಾಡುವಾಗ ಸ್ವಲ್ಪ ಹೋಗ್ತದೆ. ಎರಡು ಸಾಕು. ಎರಡೇ ಕೊಟ್ಟರು.

ಆದರೆ ಆವತ್ತೇ ತರಲಿಲ್ಲ. ಒಂದು ತುಂಡು ಮಾತ್ರ ಕೇಳಿ ತಂದೆವು. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿ, ನೆರಳಲ್ಲಿ ಇಟ್ಟೆವು. ಮೊದಲ ದಿನ 400 ಗ್ರಾಂ, ಎಂಟು ದಿನಕ್ಕೆ 360. ಅಂದರೆ ಕಟ್ಟಿಗೆ ಇನ್ನೂ ಹಸಿ. ಹಸಿ ಕಟ್ಟಿಗೆ ಒಣಗಿದಾಗ ಕುಗ್ಗುತ್ತದೆ, ಸೀಳುತ್ತದೆ. ಮೊದಲ ಟೇಬಲ್ಲಿಗೆ ಆದದ್ದು ಅದೇ. ಬೇರೆ ರಾಶಿಯ ತುಂಡು ತಂದು ತೂಗಿದೆವು. ಅದರ ತೂಕ ಇಳಿಯಲಿಲ್ಲ. ಅದನ್ನೇ ಕೊಂಡೆವು.

ಜೋಡಣೆಗೆ ಬರೀ ಮೊಳೆ ಬೇಡ ಎಂದೆವು. ಕಾಲಿನಲ್ಲಿ ಉಳಿಯಿಂದ ತೂತು ಕೊರೆದು, ಪಟ್ಟಿಯ ತುದಿಯನ್ನು ಅದರೊಳಗೆ ಬಿಗಿಯಾಗಿ ಕೂರಿಸಬೇಕು. ಗುದ್ದಲಿಗೆ ಕಾವು ಹಾಕ್ತೀವಲ್ಲ, ಹಾಗೆ. ಮೊಳೆ ದಿನ ಕಳೆದ ಹಾಗೆ ಸಡಿಲಾಗ್ತದೆ, ಟೇಬಲ್ ಅಲ್ಲಾಡ್ತದೆ.

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದೆವು. ಅಳತೆ, ಕಟ್ಟಿಗೆ, ಕೂಲಿ, ಮುಂಗಡ, ಕೊಡುವ ದಿನ. ಅಣ್ಣನ ಸಹಿ, ಸಂಘದ ಇಬ್ಬರ ಸಹಿ. ಚೀಟಿ ಎರಡು ಪ್ರತಿ. ಮಸ್ಕಿಯ ಬಂಡೆಯ ಮೇಲೆ ಅಶೋಕ ರಾಜನ ಹೆಸರಿದೆ, ನೋಡಿರಬಹುದು. ಆ ಶಾಸನ 1915ರಲ್ಲಿ ಸಿಕ್ಕಿತು. ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಅಶೋಕನೇ ಎಂದು ಖಚಿತವಾಗಿದ್ದು ಅದರಿಂದಲೇ. ನಮ್ಮದು ಬರೀ ಟೇಬಲ್ಲಿನ ಚೀಟಿ. ಆದರೂ "ನಾ ಹಂಗ ಹೇಳಿದ್ದಿಲ್ಲ" ಅನ್ನೋ ಜಗಳ ಈ ಸಲ ಬರಲಿಲ್ಲ.

ಟೇಬಲ್ ಜೋಡಿಸಿದ ದಿನ ಅಕ್ಕಂದಿರು ಒಂದು ದಾರ ತಂದರು. ಒಂದು ಮೂಲೆಯಿಂದ ಎದುರಿನ ಮೂಲೆಗೆ ಹಿಡಿದು ಗಂಟು ಹಾಕಿದರು. ಉಳಿದ ಎರಡು ಮೂಲೆಗೂ ಅದೇ ದಾರ ಹಿಡಿದರು. ಎರಡೂ ಸಮ ಇದ್ದರೆ ಟೇಬಲ್ ಸೊಟ್ಟ ಇಲ್ಲ ಎಂದು ಅರ್ಥ. ಗಂಟು ಸರಿಯಾಗಿ ಮೂಲೆಗೇ ಬಂತು. ಅಣ್ಣ ನಕ್ಕು ಬಾಕಿ ಕೂಲಿ ಎಣಿಸಿಕೊಂಡರು.

ಹಳೆಯ ಟೇಬಲ್ಲಿನ ಸಂದಿಗೆ ಪಟ್ಟಿ ಬಡಿಸಿದೆವು. ಈಗ ಅದರ ಮುಂದೆ ಕುರ್ಚಿ ಹಾಕಿಕೊಂಡು ಸಂಘದ ಲೆಕ್ಕ ಬರೀತಾರೆ.